ಕುದಿದು ಹೋದ ನೀರು

ಕಾರಿಗೂ ಬೆಳಿಗ್ಗೆ ಎದ್ದು ನೀರು ಕುಡಿಸಬೇಕಾಗಿದ್ದ ಕಾಲ ಅದು. ನಮ್ಮ ಮನೆಯಲ್ಲಿ ದನಕ್ಕೆ ಕಲಗಚ್ಚು ಇಡುವ ಕೆಲಸ ಅಮ್ಮನದು, ಕಾರಿಗೆ ನೀರು ಕುಡಿಸುವ ಕೆಲಸ ನನ್ನದು. ನನಗೆ ಆಗ ಹತ್ತು ವರ್ಷ. ಮುಂದಿನ ಬಂಪರಿನ ಮೇಲೆ ಹತ್ತಿ ನಿಂತು, ಪಪ್ಪ ಎತ್ತಿ ಹಿಡಿದ ಬಾನೆಟ್ಟಿನ ಅಡಿಗೆ ತಲೆ ತೂರಿಸಿ, ಹಳೆಯ ಬೈರಾಸು ಟವೆಲಿನಿಂದ ರೇಡಿಯೇಟರಿನ ಮುಚ್ಚಳ ತಿರುಗಿಸಿ ಚೆಂಬಿನಿಂದ ಸುರಿಯಬೇಕು. "ಕುತ್ತಿಗೆವರೆಗೆ ಬರ್ಬೇಕು ಮಗಾ. ಬಿಸಿ ಇರುವಾಗ ಮಾತ್ರ ಮುಚ್ಚಳ ಮುಟ್ಬೇಡ, ಮುಖ ಸುಟ್ಟು ಹೋಗ್ತದೆ" ಎಂದು ಪಪ್ಪ ದಿನಾ ಹೇಳುತ್ತಿದ್ದರು. ಶಾಲೆಯಲ್ಲಿ ಯಾವ ಹುಡುಗನಿಗೂ ಇಂಥ ಕೆಲಸ ಇರಲಿಲ್ಲ. ನನಗೆ ಜಂಬವೋ ಜಂಬ.

ವಿಟ್ಲದಿಂದ ಎರಡು ಮೈಲಿ ಒಳಗೆ ನಮ್ಮ ಮನೆ. ಪಪ್ಪ ದುಬೈಯ ಗ್ಯಾರೇಜೊಂದರಲ್ಲಿ ಹತ್ತು ವರ್ಷ ದುಡಿದು ಊರಿಗೆ ಬಂದವರೇ ಮಂಗಳೂರಿನ ಯಾರೋ ಧಣಿಗಳ ಶೆಡ್ಡಿನಲ್ಲಿ ಧೂಳು ತಿನ್ನುತ್ತಿದ್ದ ಹಳೆಯ ಅಮೇರಿಕದ ಕಾರನ್ನು ತಂದಿದ್ದರು. ಪಾಚಿ ಹಸಿರು ಬಣ್ಣ, ಮೂತಿಯ ತುಂಬ ಹೊಳೆಯುವ ಹಲ್ಲು, ನಮ್ಮ ಅಡುಗೆಕೋಣೆಯಷ್ಟು ಉದ್ದದ ಬಾನೆಟ್ಟು. ಊರಿನವರು ಅದಕ್ಕೆ 'ಓಡ' ಎಂದು ಹೆಸರಿಟ್ಟರು. ತುಳುವಿನಲ್ಲಿ ಓಡ ಎಂದರೆ ದೋಣಿ. ಗದ್ದೆಬದಿಯ ರಸ್ತೆಯಲ್ಲಿ ಓಲಾಡಿಕೊಂಡು ಬರುವಾಗ ಅದು ಹಾಗೆಯೇ ಕಾಣುತ್ತಿತ್ತು.

ಕಾರು ನಿಂತಿರುವಾಗ ಅದು ನನ್ನದು ಮತ್ತು ವಿಮಲತ್ತೆಯದು. ಪಪ್ಪನ ಕೊನೆಯ ತಂಗಿ ವಿಮಲತ್ತೆ ಮತ್ತು ನಾನು ಒಂದೇ ಚಾಪೆಯಲ್ಲಿ ಮಲಗುತ್ತಿದ್ದವರು. ನನ್ನ ಜಡೆ ಹಾಕುವುದು, ಹೇನು ಹೆಕ್ಕುವುದು, ಅಮ್ಮನ ಪೆಟ್ಟಿನಿಂದ ತಪ್ಪಿಸುವುದು ಎಲ್ಲ ಅವಳೇ. ಹಿಂದಿನ ಸೀಟಿನಲ್ಲಿ ಅವಳು ಪ್ಯಾಸೆಂಜರು, ನಾನು ಕಂಡಕ್ಟರು. ಹಲಸಿನೆಲೆಯ ಟಿಕೆಟು ಹರಿದು ಕೊಟ್ಟು "ರೈಟ್ ಪೋಯಿ" ಎಂದು ಬಾಗಿಲು ಬಡಿಯುತ್ತಿದ್ದೆ. ಬಿಸಿಲಿಗೆ ಕಾದ ರೆಕ್ಸಿನ್, ಪೆಟ್ರೋಲು, ಸೀಟಿನೊಳಗಿನ ತೆಂಗಿನ ನಾರು, ಅತ್ತೆಯ ಮುಡಿಯ ಮಲ್ಲಿಗೆ, ಎಲ್ಲ ಸೇರಿದ ಆ ವಾಸನೆ ಈಗಲೂ ಎಲ್ಲಿಂದಲೋ ಒಮ್ಮೊಮ್ಮೆ ಬಂದು ಹೋಗುತ್ತದೆ.

ಅತ್ತೆಗೆ ಮೂಡಬಿದ್ರೆಯ ಸಂಬಂಧ ಕೂಡಿ ಬಂತು. ಹುಡುಗ ಬೊಂಬಾಯಿಯ ಹೋಟೆಲಿನಲ್ಲಿ ಮ್ಯಾನೇಜರು. ಹುಡುಗನ ತಂದೆಗೆ ಮೂಡಬಿದ್ರೆಯಲ್ಲಿ ದೊಡ್ಡ ಗ್ಯಾರೇಜು, ಅದಕ್ಕೊಬ್ಬ ಹೆಡ್ ಮೆಕ್ಯಾನಿಕ್ ಬೇಕಾಗಿತ್ತು. "ನೀವು ದುಬೈಯಲ್ಲಿ ಇದ್ದವರು. ಮದುವೆ ಆಗಲಿ, ಆಮೇಲೆ ನೀವೇ ಬಂದು ನೋಡಿಕೊಳ್ಳಿ" ಎಂದು ಅವರು ಪಪ್ಪನಿಗೆ ಮಾತು ಕೊಟ್ಟಿದ್ದರು. ಆದರೆ ದುಬೈಯ ಗ್ಯಾರೇಜಿನಲ್ಲಿ ಪಪ್ಪ ಮಾಡುತ್ತಿದ್ದದ್ದು ಗಾಡಿಗಳಿಗೆ ಬಣ್ಣ ಹೊಡೆಯುವ ಕೆಲಸ. ಎಂಜಿನ್ ಕೆಲಸವನ್ನು ಅವರು ಬೇರೆಯವರ ಹೆಗಲ ಮೇಲಿಂದ ನೋಡಿ ಕಲಿತದ್ದು. ಇದು ನಮ್ಮ ಮನೆಯ ನಾಲ್ಕು ಗೋಡೆಯ ಒಳಗಿನ ಸಂಗತಿ. ಹಾಗಾಗಿ ಮದುವೆ ಅತ್ತೆಯದಾದರೂ ಪರೀಕ್ಷೆ ಪಪ್ಪನದು. ಮದುಮಗಳು ಪಪ್ಪನೇ ರಿಪೇರಿ ಮಾಡಿದ ಅಮೇರಿಕದ ಕಾರಿನಲ್ಲಿ ಮೂಡಬಿದ್ರೆಯ ಮದುವೆ ಹಾಲ್‌ನ ಎದುರು ಇಳಿಯಬೇಕು ಎಂದು ತೀರ್ಮಾನವಾಯಿತು.

ಮದುವೆಗೆ ವಾರವಿರುವಾಗ ಕಾರಿನ ವಾಟರ್ ಪಂಪಿನಿಂದ ನೀರು ತೊಟ್ಟಿಕ್ಕತೊಡಗಿತು. ಪಪ್ಪ ಅಂಗಳದಲ್ಲೇ ಫ್ಯಾನು ಕಳಚಿ, ಪಂಪು ಬಿಚ್ಚಿ, ಹೊಸ ವಾಷರು ಹಾಕಿ ಎಲ್ಲ ಮತ್ತೆ ಜೋಡಿಸಿದರು. ಫ್ಯಾನಿನ ನಾಲ್ಕು ಬೋಲ್ಟುಗಳನ್ನು ತೆಂಗಿನ ಗೆರಟೆಯಲ್ಲಿ ಹಿಡಿದು ನಿಂತವಳು ನಾನು. ಒಂದೊಂದಾಗಿ ಅವರ ಕೈಗೆ ಕೊಟ್ಟವಳೂ ನಾನೇ.

ಮದುವೆಯ ದಿನ ಕೋಳಿ ಕೂಗುವ ಮೊದಲೇ ಎದ್ದು ನೀರು ತುಂಬಿಸಿದೆ. ಕುತ್ತಿಗೆವರೆಗೆ ಬಂತು. ಇನ್ನೂ ಅರ್ಧ ಚೆಂಬು ಸುರಿದೆ, ಉಕ್ಕಿ ನನ್ನ ಹೊಸ ಲಂಗಕ್ಕೆ ಚೆಲ್ಲಿತು. ಅಮ್ಮ ಬೈದಳು. ಆ ಒದ್ದೆ ಲಂಗ ನನಗೆ ಚೆನ್ನಾಗಿ ನೆನಪುಂಟು, ಯಾಕೆಂದರೆ ಆಮೇಲೆ ಎಷ್ಟೋ ಸಲ ಅದನ್ನು ನಾನೇ ನನಗೆ ಸಾಕ್ಷಿ ಹೇಳಿಕೊಂಡಿದ್ದೇನೆ.

ಕಲ್ಲಡ್ಕದವರೆಗೆ ಕಾರು ರಾಜನ ಹಾಗೆ ಓಡಿತು. ಶಾಖ ತೋರಿಸುವ ಸೂಜಿ ನಡುವಿನಲ್ಲೇ ನಿಂತಿತ್ತು. ಬಂಟ್ವಾಳ ಪೇಟೆಗೆ ಬಂದಾಗ ಎದುರಿಗೆ ಎರಡು ಬಸ್ಸು, ಒಂದು ಲಾರಿ, ಯಾರೂ ಯಾರಿಗೂ ದಾರಿ ಬಿಡುವವರಲ್ಲ. ಹತ್ತು ನಿಮಿಷ ನಿಂತಲ್ಲೇ ನಿಂತೆವು. ಸೂಜಿ ಏರಿತು. ಪೇಟೆ ದಾಟಿ ಏರು ಹತ್ತುವಷ್ಟರಲ್ಲಿ ಬಾನೆಟ್ಟಿನ ಸಂದಿಯಿಂದ ಬಿಳಿ ಹೊಗೆ ಎದ್ದಿತು. ಎಂಜಿನ್ ಕೆಮ್ಮಿ ನಿಂತುಬಿಟ್ಟಿತು. ಸುಟ್ಟ ರಬ್ಬರಿನ ನಾತ. ಕೆಳಗೆ ರಸ್ತೆಯ ಮೇಲೆ ತುಕ್ಕು ಬಣ್ಣದ ನೀರು.

"ಎಂತ ಅಣ್ಣ ಇದು?" ಮದುಮಗಳ ಸೀರೆ ಎತ್ತಿ ಹಿಡಿದು ಅತ್ತೆ ಇಳಿದಳು. ಕಣ್ಣಲ್ಲಿ ಆಗಲೇ ನೀರು.

ಪಪ್ಪ ಕಾರನ್ನು ನೋಡಿದರು, ಅತ್ತೆಯನ್ನು ನೋಡಿದರು, ಕೊನೆಗೆ ನನ್ನನ್ನು. "ನೀರು ನೋಡು ಅಂತ ಇವಳಿಗೆ ಹೇಳಿದ್ದೆ. ಮರ್ತಿದ್ದಾಳೆ."

"ಇಲ್ಲ ಪಪ್ಪ, ಹಾಕಿದ್ದೇನೆ. ಲಂಗ ನೋಡಿ..."

"ಬಾಯಿ ಮುಚ್ಚು!"

ಪಪ್ಪ ನನಗೆ ಅಲ್ಲಿಯವರೆಗೆ ಹಾಗೆ ಹೇಳಿದ್ದೇ ಇಲ್ಲ. ಅತ್ತೆ ನನ್ನ ಕಡೆ ಒಮ್ಮೆ ನೋಡಿ ಮುಖ ತಿರುಗಿಸಿದಳು. ಅಷ್ಟರಲ್ಲಿ ಮೂಡಬಿದ್ರೆಯ ಬಸ್ಸು ಬಂತು. ಕಂಡಕ್ಟರು ಮಾರಾಯ ಒಳ್ಳೆಯವನು, ಎದುರಿನ ಸೀಟು ಖಾಲಿ ಮಾಡಿಸಿ ಮದುಮಗಳನ್ನು ಕೂರಿಸಿದ. ಹಾಲ್‌ನ ಎದುರು ವಾದ್ಯದವರು ಅಮೇರಿಕದ ಕಾರಿಗೆ ಕಾಯುತ್ತಿದ್ದರು. ಬಂದದ್ದು ಬಸ್ಸು. ಗಂಡಿನ ಕಡೆಯ ಹೆಂಗಸರು ಸೆರಗು ಬಾಯಿಗೆ ಹಿಡಿದು ನಕ್ಕರು. ಮುಹೂರ್ತಕ್ಕೇನೂ ತಪ್ಪಲಿಲ್ಲ, ಆದರೆ ಅತ್ತೆ ಧಾರೆಗೆ ಕೂತದ್ದು ಅತ್ತು ಊದಿದ ಮುಖದಲ್ಲಿ. ಹುಡುಗನ ತಂದೆ ಏನಾಯಿತೆಂದು ಕೇಳಿದಾಗ ಪಪ್ಪ ನನ್ನ ತಲೆಯ ಮೇಲೆ ಕೈಯಿಟ್ಟು, ನಗುತ್ತ, "ಮಕ್ಕಳ ಕೈಗೆ ಕೆಲಸ ಕೊಟ್ಟದ್ದು ನಂದೇ ತಪ್ಪು" ಎಂದರು. ಅವರೂ ನಕ್ಕರು.

ನಾನು ಹಾಕಿದ್ದೆನೆಂದು ನನಗೆ ಗೊತ್ತು. ಆದರೆ ದೊಡ್ಡವರೆಲ್ಲ ಹಾಕಲಿಲ್ಲ ಅಂದರೆ ಹತ್ತು ವರ್ಷದವಳಿಗೆ ತನ್ನ ಮೇಲೆಯೇ ಸಂಶಯ ಹುಟ್ಟುತ್ತದೆ. ನೀರು ಹಾಕಿದ ಆ ನೆನಪು ಹಿಂದಿನ ದಿನದ್ದೋ, ಮುಚ್ಚಳ ಸರಿಯಾಗಿ ತಿರುಗಿಸಿದೆನೋ ಎಂದು ಮಲಗಿದಲ್ಲೇ ಯೋಚಿಸುತ್ತಿದ್ದೆ. ಚಾಪೆಯಲ್ಲಿ ಪಕ್ಕದ ಜಾಗ ಖಾಲಿ.

ಕಾರು ಮತ್ತೆ ಮತ್ತೆ ಕುದಿಯತೊಡಗಿದಾಗ ಪಪ್ಪ ಅದನ್ನು ಮಾಣಿ ಪೇಟೆಯ ಮೋನಾಕನಲ್ಲಿಗೆ ಒಯ್ದರು. ವಿಟ್ಲದಲ್ಲಿ ತೋರಿಸಿದರೆ ಊರಿಗೆಲ್ಲ ಗೊತ್ತಾಗುತ್ತದಲ್ಲ. ದಾರಿಯಲ್ಲಿ ನೀರು ಹಾಕಲಿಕ್ಕೆಂದು ನನ್ನನ್ನೂ ಕೂರಿಸಿಕೊಂಡರು. ಮೋನಾಕ ವಯಸ್ಸಾದ ಬ್ಯಾರಿ ಮೆಕ್ಯಾನಿಕ್, ಲಾರಿಗಳ ಡಾಕ್ಟರು. ಬೆಲ್ಟು ಒತ್ತಿ ನೋಡಿದರು, ಪೈಪು ಹಿಂಡಿ ನೋಡಿದರು. ಬಿಸಿ ಏರಿದಾಗ ನೀರಿಗೆ ದಾರಿ ಬಿಡುವ ಥರ್ಮೋಸ್ಟಾಟ್ ಬಿಚ್ಚಿ, ಚಾದ ನೀರು ಕುದಿಯುತ್ತಿದ್ದ ಪಾತ್ರೆಗೆ ಹಾಕಿದರು. ಅದು ಬಾಯಿ ತೆರೆಯಿತು. "ಇದು ಸರಿ ಉಂಟು" ಎಂದು ತೆಗೆದು, ಅದೇ ನೀರಿಗೆ ಚಾಪುಡಿ ಹಾಕಲು ಹೊರಟ ಹುಡುಗನಿಗೆ ಬೈದು ನೀರು ಚೆಲ್ಲಿಸಿದರು.

"ಬಿಸಿ ಆಗುವುದು ಯಾವಾಗ? ಓಡುವಾಗವಾ, ನಿಂತಾಗವಾ?"

ಪಪ್ಪ, "ಯಾವಾಗಲೂ" ಎಂದರು.

"ಅಲ್ಲ," ಎಂದೆ ನಾನು. "ಜೋರು ಓಡುವಾಗ ಸೂಜಿ ಇಳೀತದೆ. ಪೇಟೆಯಲ್ಲಿ ನಿಂತ್ರೆ, ಏರು ಹತ್ತಿದ್ರೆ ಮಾತ್ರ ಏರ್ತದೆ."

ಮೋನಾಕ ನನ್ನತ್ತ ತಿರುಗಿ, "ಇವಳಿಗೆ ಗೊತ್ತುಂಟಲ್ಲ ಮಾರಾಯ್ರೆ" ಎಂದರು. ಎಂಜಿನ್ ಚಾಲು ಮಾಡಿಸಿ, ಪೇಪರಿನ ಒಂದು ಹಾಳೆ ಹರಿದು ನನ್ನ ಕೈಗೆ ಕೊಟ್ಟರು. "ರೇಡಿಯೇಟರಿನ ಜಾಲಿಯ ಎದುರು ಹಿಡಿ, ಮಗಾ. ಈಗ ಬಿಡು." ಒಳಗಿನ ಫ್ಯಾನು ಗಾಳಿ ಎಳೆದು ಹಾಳೆ ಜಾಲಿಗೆ ಅಂಟಿಕೊಳ್ಳಬೇಕಿತ್ತು. ಅದು ನನ್ನ ಕಾಲ ಬುಡಕ್ಕೆ ಬಿತ್ತು. ಇನ್ನೊಮ್ಮೆ ಹಿಡಿದೆ, ಇನ್ನೊಮ್ಮೆ ಬಿತ್ತು.

ಎಂಜಿನ್ ನಿಲ್ಲಿಸಿ ಮೋನಾಕ ಫ್ಯಾನಿನ ರೆಕ್ಕೆ ಸವರಿದರು. "ಫ್ಯಾನು ಉಲ್ಟಾ. ಹಿಂದಿನದ್ದು ಮುಂದೆ ಮಾಡಿ ಹಾಕಿದ್ದಾರೆ. ತಿರುಗ್ತದೆ, ಆದರೆ ಗಾಳಿ ಎಳೆಯುವುದಿಲ್ಲ. ಓಡುವಾಗ ಹೊರಗಿನ ಗಾಳಿ ಸಿಗ್ತದೆ, ನಿಂತ್ರೆ ಎಲ್ಲಿಂದ ಸಿಗ್ಬೇಕು? ನೀರಿಲ್ಲದೆ ಕುದಿದದ್ದಲ್ಲ ಇದು. ಕುದಿದು ನೀರು ಹೋದದ್ದು. ಯಾರು ಹಾಕಿದ್ದು ಈ ಫ್ಯಾನು?"

"ಯಾರೋ ಮಂಗಳೂರಿನಲ್ಲಿ," ಎಂದರು ಪಪ್ಪ.

ನಾನು ಪಕ್ಕದಲ್ಲೇ ನಿಂತಿದ್ದೆ. ಗೆರಟೆ ಹಿಡಿದಿದ್ದ ಅದೇ ಕೈ ಅವರ ಅಂಗಿಯ ಚುಂಗು ಹಿಡಿದಿತ್ತು. ಮೆಲ್ಲ ಬಿಟ್ಟೆ.

ವಾಪಸು ಹೋಗುವಾಗ ಪಪ್ಪ ನನಗೆ ಐಸ್‌ಕ್ಯಾಂಡಿ ಕೊಡಿಸಿದರು. ಫ್ಯಾನು ಸರಿ ಕೂತಿತ್ತು, ಸೂಜಿ ಅಲುಗುತ್ತಿರಲಿಲ್ಲ. "ಅತ್ತೆಗೆ ಹೇಳಿ ಪಪ್ಪ, ನಂದು ತಪ್ಪಲ್ಲ ಅಂತ," ಎಂದೆ.

"ಹೇಳುವ ಮಗಾ. ಹೇಳುವ."

ಹೇಳೋಣ, ಮಾಡೋಣ, ನೋಡೋಣ ಎನ್ನುವ ಅರ್ಥದ ನಮ್ಮ ಊರಿನ ಈ 'ಹೇಳುವ', 'ಮಾಡುವ', 'ನೋಡುವ' ಭಾರಿ ಚಾಲಾಕಿ ಮಾತು. ಇಬ್ಬರನ್ನೂ ಸೇರಿಸಿಕೊಳ್ಳುತ್ತದೆ, ಒಬ್ಬರನ್ನೂ ಕಟ್ಟಿಹಾಕುವುದಿಲ್ಲ. ಹತ್ತು ವರ್ಷದವಳಿಗೆ ಅದು ಭಾಷೆ ಕೊಟ್ಟಂತೆಯೇ ಕೇಳಿಸಿತು.

ಬೊಂಬಾಯಿಗೆ ಹೊರಡುವ ಮೊದಲು ಅತ್ತೆ, ಮಾವ ಊಟಕ್ಕೆ ಬಂದರು. ಕೋರಿರೊಟ್ಟಿಯ ಪರಿಮಳ ಮನೆ ತುಂಬ. ನಾನು ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದೆ. ಪಪ್ಪ ಅತ್ತೆಯನ್ನು ಬಾವಿಕಟ್ಟೆಯ ಹತ್ತಿರ ಕರೆದೊಯ್ದು ತುಂಬ ಹೊತ್ತು ಏನೋ ಮಾತಾಡಿದರು. ಈಗ ಓಡಿ ಬರುತ್ತಾಳೆ, ನನ್ನನ್ನು ಎತ್ತಿಕೊಳ್ಳುತ್ತಾಳೆ ಎಂದು ಗೇಟಿನ ಹತ್ತಿರ ಹೋಗಿ ನಿಂತೆ. ಅತ್ತೆ ಬಂದಳು. ನನ್ನ ಮುಖ ನೋಡದೆ ದಾಟಿ ಹೋಗಿ ಅವರು ಬಂದಿದ್ದ ಕಾರಿನಲ್ಲಿ ಕೂತಳು. ಕಾರು ಹೋಯಿತು. ಪಪ್ಪ ಹೇಳಲೇ ಇಲ್ಲ ಎಂದು ನನಗೆ ಖಾತ್ರಿಯಾಯಿತು. ಅಮ್ಮನಿಗೆ ಹೇಳಿದರೆ, "ಪಪ್ಪನ ಮಾತಿಗೆ ಎದುರು ಹೇಳ್ಬಾರದು" ಎಂದಳು. ಅಂದಿನಿಂದ ಬಾನೆಟ್ಟಿನ ಅಡಿಗೆ ನಾನು ತಲೆ ಹಾಕಲಿಲ್ಲ.

ಪಪ್ಪ ಮೂಡಬಿದ್ರೆಯಲ್ಲಿ ಹೆಡ್ ಮೆಕ್ಯಾನಿಕ್ ಆದರು. ಕಾಲಕ್ರಮೇಣ ಒಳ್ಳೆಯ ಮೆಕ್ಯಾನಿಕ್ಕೂ ಆದರಂತೆ. ಬಂಧುಗಳ ಮನೆಯ ಯಾವ ಮದುವೆಗೆ ಹೋದರೂ ಯಾರಾದರೂ ಒಬ್ಬರು, "ಎಂತ ಶೋಭಾ, ಗಾಡಿಗೆ ನೀರು ಹಾಕಿದ್ದೀಯಾ?" ಎಂದು ಕೇಳದೆ ಬಿಟ್ಟವರಲ್ಲ. ನನ್ನ ಸ್ವಂತ ಮದುವೆಯಲ್ಲೂ ಕೇಳಿದರು. ಪಪ್ಪ ಅಲ್ಲೇ ಇದ್ದರು. ಎಲ್ಲರ ಜೊತೆ ನಕ್ಕರು.

ಅವರು ತೀರಿಹೋಗಿ ಮೂರು ವರ್ಷವಾಯಿತು. ಈಗಿನ ಕಾರುಗಳಿಗೆ ಯಾರೂ ನೀರು ಕುಡಿಸುವುದಿಲ್ಲ. ಬಿಸಿಯಾದರೆ ಕೆಂಪು ದೀಪ ತಾನೇ ಹತ್ತುತ್ತದೆ, ಯಾರ ಮೇಲೂ ತಪ್ಪು ಹೊರಿಸಬೇಕಾಗಿಲ್ಲ. ಕಳೆದ ವರ್ಷ ವಿಮಲತ್ತೆ ಬೊಂಬಾಯಿ ಬಿಟ್ಟು ಮೂಡಬಿದ್ರೆಗೆ ಬಂದು ನೆಲೆಸಿದಳು. ನೋಡಲು ಹೋಗಿದ್ದೆ. ಮಾತಿನ ನಡುವೆ ಆ ಬಸ್ಸಿನ ಸುದ್ದಿ ಬಂತು. ನಾನು ಕೊನೆಗೂ ಹೇಳಿದೆ: "ನಾನು ನೀರು ಹಾಕಿದ್ದೆ ಅತ್ತೆ."

"ಗೊತ್ತುಂಟು ಮಾರಾಯ್ತಿ," ಎಂದಳು ಅತ್ತೆ, ಹಗುರವಾಗಿ. "ಫ್ಯಾನು ಉಲ್ಟಾ ಹಾಕಿದ್ದಲ್ವಾ? ಅಣ್ಣ ಅವತ್ತೇ ಬಾವಿಕಟ್ಟೆ ಹತ್ರ ಹೇಳಿದ್ದ, ಅತ್ತುಬಿಟ್ಟಿದ್ದ ಪಾಪ. ಗೊತ್ತಾದ್ರೆ ನನ್ನ ಮಾವ ಅವನಿಗೆ ಗ್ಯಾರೇಜಿನ ಕೆಲಸ ಕೊಡ್ತಾರಾ? ನೀನು ಹೇಗೂ ಸಣ್ಣವಳು, ನಾಲ್ಕು ದಿನದಲ್ಲಿ ಮರೀತೀಯ ಅಂತ ನಾವಿಬ್ಬರೂ ಮಾತಾಡಿಕೊಂಡದ್ದು. ನಿನ್ನ ಮುಖ ನೋಡಿದ್ರೆ ನನ್ನ ಬಾಯಲ್ಲಿ ನಿಲ್ತಿರಲಿಲ್ಲ, ಹಾಗೆ ನೋಡದೇ ಹೋದೆ."

ಇಷ್ಟು ವರ್ಷ ಪಪ್ಪ ಹೇಳಲಿಲ್ಲವೆಂದು ಅವರ ಮೇಲೆ ಕೋಪ ಇಟ್ಟುಕೊಂಡಿದ್ದೆ, ಅತ್ತೆಗೆ ಗೊತ್ತಿಲ್ಲವಲ್ಲ ಎಂದು ಅವಳನ್ನು ಮಾಫಿ ಮಾಡಿದ್ದೆ. ಪಪ್ಪ ಹೇಳಿದ್ದರು. ಅವಳಿಗೆ ಗೊತ್ತಿತ್ತು. ನಾನು ಮನಸಾರೆ ನಂಬಿದ್ದ ಇಬ್ಬರು ಕೂತು, ಯೋಚಿಸಿ, ಅದನ್ನು ನಾನು ಹೊರಲಿ ಎಂದು ತೀರ್ಮಾನ ಮಾಡಿದ್ದರು. ಪಪ್ಪನ ಆ ಕೆಲಸದ ಅನ್ನವನ್ನೇ ನಾನೂ ಉಂಡು ಬೆಳೆದವಳು, ಒಪ್ಪುತ್ತೇನೆ. ಆದರೆ ನನ್ನನ್ನೊಂದು ಮಾತು ಕೇಳಿದ್ದರೆ ನಾನು ಸಂತೋಷದಿಂದಲೇ ಹೊರುತ್ತಿದ್ದೆ. ಯಾರೂ ಕೇಳಲಿಲ್ಲ.

"ಈಗ ಹೇಳಿ ಆಯಿತಲ್ಲ," ಎಂದು ಅತ್ತೆ ನನ್ನ ಕೈ ಹಿಡಿದಳು. ನಾನು ಹೂಂ ಎಂದೆ. ನಲವತ್ತು ದಾಟಿದ ಹೆಂಗಸಿಗೆ ಆ ಸತ್ಯದಿಂದ ಆಗಬೇಕಾದದ್ದು ಏನೂ ಇರಲಿಲ್ಲ. ಅದು ಬೇಕಾಗಿದ್ದದ್ದು ಗೇಟಿನ ಹತ್ತಿರ ನಿಂತಿದ್ದ ಹುಡುಗಿಗೆ. ಅವಳಿಗೆ ಇವತ್ತಿಗೂ ಯಾರೂ ಹೇಳಿಲ್ಲ.