ಅಗ್ನಿಮೂಲೆ ಇದ್ದ ವ್ಯಾನು

ಮೊನ್ನೆ ಕೋಲಾರದಿಂದ ಶ್ರೀನಿವಾಸಪುರಕ್ಕೆ ಬಸ್ಸಿನಲ್ಲಿ ಹೋಗುತ್ತಿದ್ದೆ. ರಸ್ತೆ ರಿಪೇರಿಯೆಂದು ಒಂದು ಕಡೆ ಎಲ್ಲ ಗಾಡಿಗಳನ್ನೂ ನಿಲ್ಲಿಸಿದ್ದರು. ನಮ್ಮ ಮುಂದೆ ರೇಷ್ಮೆಗೂಡಿನ ಚೀಲಗಳನ್ನು ತುಂಬಿಕೊಂಡ ಒಂದು ಟೆಂಪೋ. ಆ ವಾಸನೆ ಗೊತ್ತಿದ್ದವರಿಗೆ ಗೊತ್ತು... ಗೂಡಿನೊಳಗೆ ಸತ್ತ ಹುಳುವಿನ ನಾತ, ಕೊಳೆತ ಸೊಪ್ಪಿನ ನಾತ, ಎರಡೂ ಸೇರಿ ಗಂಟಲಲ್ಲಿ ಬಂದು ಕೂರುತ್ತದೆ. ಪಕ್ಕದ ಸೀಟಿನ ಹುಡುಗಿ ಮೂಗಿಗೆ ದುಪಟ್ಟಾ ಒತ್ತಿಕೊಂಡು, "ಕಿಟಕಿ ಹಾಕ್ತೀರಾ ಅಂಕಲ್" ಅಂದಳು. ಹಾಕಲು ಎತ್ತಿದ ಕೈ ಹಾಗೇ ನಿಂತಿತು. ನಲವತ್ತು ವರ್ಷದ ಹಿಂದೆ ಇದೇ ನಾತದ ಒಂದು ಮನೆಯಲ್ಲಿ ನಾನು ಸಮುದ್ರದವರೆಗೆ ಪ್ರಯಾಣ ಮಾಡಿದ್ದೆ.

ಮನೆ ಅಂದೆ. ಅದು ಮನೆಯಲ್ಲ, ವ್ಯಾನು. ಅದನ್ನು ಮನೆ ಅಂತ ಕರೆಯುತ್ತಿದ್ದವರು ನಮ್ಮ ಭಾವ, ನನ್ನ ಒಬ್ಬಳೇ ಅಕ್ಕನ ಗಂಡ.

ಭಾವನದು ಗೌನಿಪಲ್ಲಿ ಹತ್ತಿರದ ಹಳ್ಳಿ. ಒಂದಿಷ್ಟು ಹಿಪ್ಪುನೇರಳೆ, ನಾಲ್ಕು ಮಾವಿನ ಮರ, ಅದರ ಜೊತೆಗೆ ಯಾರದೋ ವ್ಯಾನಿಗೆ ಡ್ರೈವರಾಗಿ ಮಾರುಕಟ್ಟೆಗೆ ಗೂಡು ಸಾಗಿಸುವ ಕೆಲಸ. ಮಾತು ಕಡಿಮೆ. ಕೇಳಿದ್ದಕ್ಕೆ ಉತ್ತರ ಬರಬೇಕಾದರೆ ನಾವು ಒಂದು ಲೋಟ ಕಾಫಿ ಕುಡಿದು ಮುಗಿಸಬಹುದಿತ್ತು. ಯಾವ ಕೆಲಸ ಹಿಡಿದರೂ ಅರ್ಧ ಮಾಡಿ, ದೂರ ನಿಂತು ನೋಡಿ, ಬಿಚ್ಚಿಹಾಕಿ, ಮತ್ತೆ ಮೊದಲಿಂದ ಶುರು ಮಾಡುವ ಜಾತಿ. ಅವರ ಮನೆಯ ಹಿತ್ತಲಿನ ಬಾಗಿಲಿಗೆ ಚಿಲಕ ಹಾಕಲು ಅವರು ಒಂದು ಬೇಸಿಗೆ ಪೂರ್ತಿ ತೆಗೆದುಕೊಂಡಿದ್ದರು. ನಾನು ಆಗ ಕೋಲಾರದಲ್ಲಿ ಗುಮಾಸ್ತ. ಇಸ್ತ್ರಿ ಮಾಡಿದ ಷರಟು ಹಾಕಿಕೊಂಡು ಅಕ್ಕನ ಮನೆಗೆ ಹೋದಾಗಲೆಲ್ಲ ಇಂಥವರಿಗೆ ಅಕ್ಕನನ್ನು ಕೊಟ್ಟರಲ್ಲ ಎಂದು ಒಳಗೊಳಗೇ ಉರಿಯುತ್ತಿದ್ದೆ. ಮೇಲೆ ಮಾತ್ರ ಭಾವ, ಭಾವ ಅನ್ನುತ್ತಿದ್ದೆ.

ಅಕ್ಕ ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು. ಆ ಕ್ಲಾಸಿನ ಪುಸ್ತಕದಲ್ಲಿ ಸಮುದ್ರದ ಒಂದು ಚಿತ್ರವಿತ್ತು. ಕಪ್ಪು ಬಿಳುಪಿನ ಸಣ್ಣ ಚಿತ್ರ, ನಾಲ್ಕು ಅಲೆ, ಒಂದು ದೋಣಿ. ಆ ನಾಲ್ಕು ಗೆರೆ ಅವಳ ತಲೆಯಲ್ಲಿ ಕೂತುಬಿಟ್ಟಿತ್ತು. ಮೂವತ್ತೈದು ದಾಟಿದ ಮೇಲೆ ಅವಳ ಕಣ್ಣು ಮಂಕಾಗತೊಡಗಿತು. ಮೊದಲು ಸಂಜೆಯಾದರೆ ಹೊಸಲು ಎಡವುತ್ತಿದ್ದಳು. ಆಮೇಲೆ ಹಗಲಲ್ಲೂ ಪಕ್ಕದಲ್ಲಿ ಬಂದು ನಿಂತವರು ಕಾಣುತ್ತಿರಲಿಲ್ಲ, ಎದುರಿಗೆ ಇರುವುದು ಮಾತ್ರ ಕೊಳವೆಯೊಳಗಿಂದ ನೋಡಿದ ಹಾಗೆ ಕಾಣುತ್ತಿತ್ತು. ನುಗ್ಗೆಸೊಪ್ಪು ತಿನ್ನಿಸಿದ್ದಾಯಿತು, ಹರಕೆ ಹೊತ್ತಿದ್ದಾಯಿತು. ಕೋಲಾರಕ್ಕೆ ಕರೆತಂದು ಕಣ್ಣಿನ ಡಾಕ್ಟರಿಗೆ ತೋರಿಸಿದೆವು. ಡಾಕ್ಟರು ಭಾವನನ್ನು ಮಾತ್ರ ಒಳಗೆ ಕರೆದು ಮಾತಾಡಿದರು. ಹೊರಗೆ ಬಂದ ಭಾವ, "ಮಾತ್ರೆ ಕೊಟ್ಟವ್ರೆ" ಅಂದರು, ಅಷ್ಟೇ.

ಅವತ್ತು ರಾತ್ರಿ ನಮ್ಮ ಮನೆಯಲ್ಲೇ ಊಟ. ಬಡಿಸುತ್ತಿದ್ದ ನನ್ನ ಕೈ ಹಿಡಿದುಕೊಂಡು ಅಕ್ಕ ಅಂದಳು, "ಇನ್ನೂ ಮಂಕಾಗೋಕೆ ಮುಂಚೆ ಒಂದ್ಸಲ ಸಮುದ್ರ ನೋಡ್ಬೇಕು ಕಣೋ. ಮದ್ರಾಸಿಗೆ ಇಲ್ಲಿಂದ ಬಸ್ಸಿದೆಯಂತಲ್ಲ, ಕರ್ಕೊಂಡು ಹೋಗ್ತೀಯಾ?"

ಹೋಗೋಣ ಬಿಡು, ಅಂದೆ. ಭಾವ ಪಕ್ಕದಲ್ಲೇ ಕೂತು ಮಜ್ಜಿಗೆ ಕುಡಿಯುತ್ತಿದ್ದರು.

ತಿಂಗಳು ಕಳೆಯಿತು. ನಾನು ಅಕ್ಕನ ಮನೆಗೆ ಹೋದರೆ, ಅಂಗಳದ ಹುಣಸೆಮರದ ಕೆಳಗೆ ಆ ಹಳೇ ಗೂಡಿನ ವ್ಯಾನು ನಿಂತಿದೆ. ಓಡಿ ಓಡಿ ಸುಸ್ತಾಗಿದ್ದ ಅದನ್ನು ಯಜಮಾನ ಗುಜರಿಗೆ ಹಾಕುವ ಬದಲು ಭಾವನಿಗೆ ಕೊಟ್ಟಿದ್ದ. "ಇದ್ರಲ್ಲಿ ಮನೆ ಮಾಡ್ತೀನಿ. ಇವಳನ್ನ ಕೂರಿಸ್ಕೊಂಡು ಹೋಗೋಕೆ" ಅಂದರು. ಪಕ್ಕದ ಮನೆಯ ಅಜ್ಜಿ ಕೋಲು ಊರಿಕೊಂಡು ಬಂದು ಒಳಗೆ ಇಣುಕಿ, "ಬಂಡಿಲೋ ಪೊಯ್ಯಿ ಪೆಡತಾವಾ?" ಅಂದಿತು. ಗಾಡಿಯಲ್ಲಿ ಒಲೆ ಇಡ್ತೀಯಾ ಅಂತ. ಊರೆಲ್ಲ ನಕ್ಕಿತು. ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ.

ಆಮೇಲೆ ಶುರುವಾಯಿತು ನೋಡಿ ನಮ್ಮ ಮಹಾಶಯರ ಕಾರ್ಖಾನೆ. ಒಳಗಿನ ನಾತ ಹೋಗಲೆಂದು ಫಿನಾಯಿಲು, ಬೇವಿನ ಹೊಗೆ, ಸಾಂಬ್ರಾಣಿ. ನಾತ ಹೋಗಲಿಲ್ಲ. ಸತ್ತ ಹುಳುವಿಗೆ ಪೂಜೆ ಮಾಡಿದ ಹಾಗೆ ಆಯಿತು. ಬಿಸಿಲು ತಡೆಯಲು ತಗಡಿನ ಗೋಡೆಗೆ ಹಳೇ ಚಂದ್ರಿಕೆಯ ಬಿದಿರು ಚಾಪೆ ಬಡಿದರು. ಹುಳು ಗೂಡು ಕಟ್ಟುತ್ತಿದ್ದ ಆ ಚಾಪೆ ಅಡಿಯಿಂದ ಮುಡಿಯವರೆಗೆ ಅದೇ ನಾತವಾಗಿತ್ತು, ಅದು ಅವರ ತಲೆಗೆ ಹೊಳೆಯಲಿಲ್ಲ. ಅಕ್ಕನ ಹಳೇ ಸೀರೆಯ ಪರದೆ. ಎಣ್ಣೆ ಡಬ್ಬ ಬಿಡಿಸಿ ಹೊಡೆದ ಚಾವಣಿ. ಹೊರಗೆ ಹಚ್ಚಿದ್ದು ಮನೆಯ ಕಿಟಕಿಗೆ ಬಳಿದು ಮಿಕ್ಕಿದ್ದ ಹಸಿರು ಬಣ್ಣ. ಅದು ಅರ್ಧಕ್ಕೇ ಮುಗಿಯಿತು. ಎಡಗಡೆ ಹಸಿರು, ಬಲಗಡೆ ತುಕ್ಕು.

ಎಲ್ಲಕ್ಕಿಂತ ನಗೆ ಬರಿಸಿದ್ದು ಒಲೆ. ವ್ಯಾನಿನ ಮುಖ ಮೂಡಲಿಗೆ ಇತ್ತು. ಡ್ರೈವರ್ ಸೀಟಿನ ಹಿಂದೆ ಬಲಗಡೆ ಮೂಲೆಯಲ್ಲಿ ಬತ್ತಿ ಸ್ಟೌವಿಗೆ ಕಟ್ಟೆ ಮಾಡಿದರು. ಯಾಕೆ ಅಲ್ಲೇ ಅಂದರೆ, "ಅಗ್ನಿಮೂಲೆ" ಅಂದರು. ಮನೆಗೆ ವಾಸ್ತು ನೋಡುವವರನ್ನು ಕಂಡಿದ್ದೆ, ವ್ಯಾನಿಗೆ ನೋಡಿದವರನ್ನು ಅವತ್ತೇ ಕಂಡಿದ್ದು.

"ಭಾವ, ಗಾಡಿ ಮುಳಬಾಗಿಲ ಕಡೆ ತಿರುಗಿದ್ರೆ ನಿಮ್ಮ ಅಗ್ನಿಮೂಲೆ ಎಲ್ಲಿಗೆ ಹೋಗುತ್ತೆ?"

ಅವರು ಗಾಡಿಯ ಮೂತಿಯ ಕಡೆ ನೋಡಿದರು. "ನಿಲ್ಲಿಸೋವಾಗ ಮೂಡಲಿಗೆ ಮುಖ ಮಾಡಿ ನಿಲ್ಲಿಸಿದ್ರಾಯ್ತು" ಅಂದರು. ತಮಾಷೆಗೆ ಹೇಳಿದ್ದಲ್ಲ. ಆಮೇಲೆ ಅದೇ ಪ್ರಕಾರ ನಡೆದುಕೊಂಡರು ಕೂಡ.

ಅಳತೆಗೆ ಟೇಪು ಇಲ್ಲ. ಪೊರಕೆಯ ಕಡ್ಡಿ. ಮನೆಯ ಅಡುಗೆಕೋಣೆಗೆ ಹೋಗಿ ಗೋಡೆಗೆ, ಗೋಡೆಯ ಗೂಡಿಗೆ, ಒಲೆಕಟ್ಟೆಗೆ ಕಡ್ಡಿ ಹಿಡಿದು ಮುರಿದುಕೊಂಡು ಬರುತ್ತಿದ್ದರು. ಸೊಂಟದಲ್ಲಿ ಯಾವಾಗಲೂ ಒಂದು ಹಿಡಿ ಕಡ್ಡಿ. ಅಕ್ಕನನ್ನು ವ್ಯಾನಿನೊಳಗೆ ನಿಲ್ಲಿಸಿ, ಕಣ್ಣು ಮುಚ್ಚಿಸಿ, "ಕೈ ಚಾಚು... ಸಿಗ್ತಾ?" ಅನ್ನುವರು. "ಇನ್ನೊಂಚೂರು ಕೆಳಗೆ" ಅನ್ನುವಳು ಅವಳು. ಹೊಡೆದ ಹಲಗೆ ಕಿತ್ತು ಮತ್ತೆ ಹೊಡೆಯುವರು. ಒಂದೇ ಹಲಗೆಯನ್ನು ನಾಲ್ಕು ಭಾನುವಾರ ಹೊಡೆದಿದ್ದನ್ನು ನಾನೇ ಕಣ್ಣಾರೆ ನೋಡಿದ್ದೇನೆ. ಆ ಹಲಗೆಯ ಅಂಚಿನಲ್ಲಿ ಅಲ್ಲೊಂದು ಇಲ್ಲೆರಡು ಕಚ್ಚು ಬೇರೆ. "ಇಲಿ ಕಡಿದಿರೋ ಹಂಗಿದೆ ಭಾವ, ಉಳಿ ಹಿಡಿಯೋಕೆ ಬರದಿದ್ರೆ ಬಡಗಿಗಾದ್ರೂ ಹೇಳಿ" ಅಂದೆ. ಅವರು ಹಲಗೆ ಕಡೆ ನೋಡಿ, ನನ್ನ ಕಡೆ ನೋಡಿ, ಮತ್ತೆ ಹಲಗೆ ಉಜ್ಜತೊಡಗಿದರು. ದಪ್ಪ ಚರ್ಮ ಅಂದುಕೊಂಡೆ.

ಹೀಗೆ ಮೂರು ವರ್ಷ. ಅತ್ತ ಅಕ್ಕನ ಕಣ್ಣಿನ ಕೊಳವೆ ಸಣ್ಣದಾಗುತ್ತಾ ಹೋಯಿತು, ಇತ್ತ ಇವರು ಹಲಗೆ ಉಜ್ಜುತ್ತಲೇ ಇದ್ದರು. ಮೊದಲ ವರ್ಷ ಅವಳಿಗೆ ನನ್ನ ಮುಖ ಕಾಣುತ್ತಿತ್ತು. ಎರಡನೇ ವರ್ಷ ಮೂಗೋ ಬಾಯೋ ಯಾವುದಾದರೂ ಒಂದು. ಮೂರನೇ ವರ್ಷ ನಾನು ಬಾಗಿಲಿಗೆ ಬಂದು ನಿಂತರೆ, ಬೆಳಕಿಗೆ ಅಡ್ಡ ಬಂದಿದ್ದರಿಂದ ಯಾರೋ ಬಂದರು ಎಂದು ತಿಳಿಯುತ್ತಿತ್ತು. ಹೋದಾಗಲೆಲ್ಲ ಭಾವನ ಮೇಲೆ ನನಗೆ ಹೇಸಿಗೆ ಹೆಚ್ಚಾಗುತ್ತಿತ್ತು. ಆಫೀಸಿನಲ್ಲಿ ಅವರ ಕಥೆ ಹೇಳಿ ಎಲ್ಲರನ್ನೂ ನಗಿಸುತ್ತಿದ್ದೆ. ಹಲಗೆ ಉಜ್ಜುವ ಅವರ ಬಗ್ಗಿದ ಬೆನ್ನನ್ನು ಅಭಿನಯಿಸಿ ತೋರಿಸುತ್ತಿದ್ದೆ.

ಕೊನೆಗೂ ಹೊರಟೆವು. ಭಾವ, ಅಕ್ಕ, ನಾನು. ಮುಳಬಾಗಿಲು ದಾಟಿ, ಚಿತ್ತೂರಿನ ಮೇಲೆ, ಎರಡು ದಿನದ ದಾರಿ. ಎಲ್ಲಿ ನಿಲ್ಲಿಸಿದರೂ ಭಾವ ಇಳಿದು ಸೂರ್ಯ ಎಲ್ಲಿದ್ದಾನೆ ನೋಡಿ, ಹಿಂದೆ ಮುಂದೆ ಮಾಡಿ ಗಾಡಿಯನ್ನು ಮೂಡಲಿಗೆ ತಿರುಗಿಸುವರು. ಒಂದು ಕಡೆ ಅದಕ್ಕಾಗಿ ಚರಂಡಿಗೆ ಚಕ್ರ ಇಳಿಸಿದರು. ನಾನು ಮೂಗಿಗೆ ಟವೆಲು ಕಟ್ಟಿಕೊಂಡು ಮುಂದಿನ ಸೀಟಿನಲ್ಲಿ ಕೂತಿದ್ದೆ.

ಮದ್ರಾಸಿನ ಆಚೆ ಬೆಸ್ತರ ಒಂದು ಹಳ್ಳಿಯ ಹತ್ತಿರ ಬೆಳಿಗ್ಗೆ ಮರಳಿನ ಅಂಚಿಗೆ ಬಂದು ನಿಂತೆವು. ಅಲ್ಲೂ ಮೂಡಲಿಗೇ ಮುಖ. ಸಮುದ್ರ ಇದ್ದದ್ದೂ ಮೂಡಲಿಗೇ. ಆದರೆ ವ್ಯಾನಿನ ಬಾಗಿಲು ಹಿಂದೆ. ಭಾವ ಬಾಗಿಲು ತೆಗೆದರು, ಅಕ್ಕ ಮೆಟ್ಟಿಲ ಮೇಲೆ ಕೂತಳು, ಮುಖ ರಸ್ತೆಯ ಕಡೆಗೆ. ಮೂರು ವರ್ಷ ಕಾದ ಮೇಲೆ ಅವಳ ಎದುರಿಗಿದ್ದದ್ದು ಒಂದು ಬೀಡಿ ಅಂಗಡಿ, ಕಟ್ಟಿಹಾಕಿದ ಎರಡು ಮೇಕೆ.

"ಎಲ್ಲೋ ಸಮುದ್ರ?" ಅಂದಳು.

"ನಿನ್ನ ಬೆನ್ನ ಹಿಂದೆ. ನಿನ್ನ ಗಂಡನ ಅಗ್ನಿಮೂಲೆಯ ಆಚೆ" ಅಂದೆ. ಭಾವನಿಗೆ ಕೇಳಲೆಂದೇ ಅಂದೆ.

ಭಾವ ಹೋಗಿ ಸೀಟಿನಲ್ಲಿ ಕೂತು ಗಾಡಿ ಶುರು ಮಾಡಿದರು. ಮರಳಿನಲ್ಲಿ ತಿರುಗಿಸಹೋಗಿ ಚಕ್ರ ಹೂತುಹೋಯಿತು. ಬೆಸ್ತರು ಐದಾರು ಜನ ಬಂದು ನೂಕಿದರು, ನಾನೂ ನೂಕಿದೆ. ಒಳಗೆ ಅಕ್ಕ ಕಂಬಿ ಹಿಡಿದುಕೊಂಡು ನಗುತ್ತಿದ್ದಳು. ಗಾಡಿ ಪೂರ್ತಿ ತಿರುಗಿ ನಿಂತಾಗ ಅದರ ಮುಖ ಪಡುವಲಿಗಿತ್ತು. ಒಲೆ ಹೋಗಿ ವಾಯುವ್ಯಕ್ಕೆ ಸೇರಿತ್ತು. ತೆರೆದ ಬಾಗಿಲಿನ ಎದುರಿಗೆ ಸಮುದ್ರವಿತ್ತು.

ಅಕ್ಕ ಮೆಟ್ಟಿಲ ಮೇಲೆ ಕೂತು ಬಹಳ ಹೊತ್ತು ಆ ಕಡೆಗೆ ಮುಖ ಮಾಡಿದ್ದಳು. "ಬೆಳ್ಳಗೆ ಕಾಣುತ್ತೆ ಕಣೋ. ಬೆಳಕು ಅಲ್ಲಾಡ್ತಿದೆ" ಅಂದಳು. ದೋಣಿ ಇದೆಯಾ ಎಂದು ಕೇಳಿದಳು. ಇದೆ ಅಂದೆ. ಎಷ್ಟು ಎಂದು ಕೇಳಿದಳು...

ಆಮೇಲೆ ಎದ್ದು, "ಕಾಫಿ ಮಾಡ್ತೀನಿ" ಅಂದಳು. ಕೈ ಹಿಡಿಯಲು ಹೋದ ನನ್ನನ್ನು ಭಾವ ತಡೆದರು. ಅವಳು ಒಳಗೆ ನಾಲ್ಕು ಹೆಜ್ಜೆ ಇಟ್ಟಳು. ಎಣಿಸಿದ ಹಾಗೆ ನಾಲ್ಕೇ. ಬಲಗೈ ನೇರ ಬೆಂಕಿಪೊಟ್ಟಣದ ಮೇಲೆ ಹೋಯಿತು. ಬತ್ತಿ ಹಚ್ಚಿದಳು. ಎಡಗೈ ಬೆರಳು ಹಲಗೆಯ ಅಂಚಿನ ಮೇಲೆ ಹರಿದು, ಒಂದು ಕಚ್ಚು ದಾಟಿ, ಎರಡು ಕಚ್ಚು ಇದ್ದಲ್ಲಿ ನಿಂತು, ಮೇಲಿನ ಡಬ್ಬಿ ಇಳಿಸಿತು. ಅದು ಸಕ್ಕರೆ. ಇನ್ನೊಂದಿಷ್ಟು ಹರಿದು, ಮೂರು ಕಚ್ಚು, ಕಾಫಿಪುಡಿ. ನಾನು ಎಷ್ಟೋ ವರ್ಷದಿಂದ ನೋಡಿದ್ದ ಅವಳ ಮನೆಯ ಅಡುಗೆಕೋಣೆ ಅದು. ಅದೇ ಮೂಲೆಯಲ್ಲಿ ಒಲೆ, ಅದೇ ಎತ್ತರದಲ್ಲಿ ಗೂಡು, ಅದೇ ದೂರದಲ್ಲಿ ನೀರಿನ ಕೊಳದಪ್ಪಲೆ, ಎಲ್ಲ ಪೊರಕೆಕಡ್ಡಿಯ ಅಳತೆ. ಮೂರು ಲೋಟ ಕಾಫಿಯನ್ನು ಒಂದು ತೊಟ್ಟೂ ಚೆಲ್ಲದೆ ತಂದು ಕೊಟ್ಟಳು.

ನಾನು ಲೋಟವನ್ನು ಮೆಟ್ಟಿಲ ಮೇಲಿಟ್ಟೆ. ಭಾವನನ್ನು ಮರಳಿನ ಕಡೆಗೆ ಕರೆದುಕೊಂಡು ಹೋಗಿ, "ಪೂರ್ತಿ ಹೋಗುತ್ತೆ ಅಂತ ನಿಮಗೆ ಗೊತ್ತಿತ್ತಾ?" ಅಂದೆ.

"ಡಾಕ್ಟ್ರು ಅವತ್ತೇ ಹೇಳಿದ್ರು. ಎರಡು ವರ್ಷ, ಮೂರು ವರ್ಷ ಅಂತ."

"ಮತ್ತೆ ಅವತ್ತೇ ಬಸ್ಸು ಹತ್ತಿಸಿ ಕರ್ಕೊಂಡು ಬಂದು ತೋರಿಸಬೇಕಾಗಿತ್ತಲ್ಲ ಭಾವ?" ನನ್ನ ದನಿ ಏರಿತ್ತು.

ಅವರು ವ್ಯಾನಿನ ಕಡೆ ತಿರುಗಿ ನೋಡಿದರು. "ಅವಳು ನಿನ್ನ ಕೇಳಿದ್ಲಲ್ಲಪ್ಪಾ. ನೀನು ಹೂಂ ಅಂದೆ. ತೋರ್ಸೋದು ನೀನು ತೋರಿಸ್ತೀಯ ಅಂದ್ಕೊಂಡೆ. ಕಣ್ಣು ಹೋದ್ಮೇಲೆ ಬೇರೆಯೋರ ಮನೆಗೆ ಹೋಗಿ ತಡಕಾಡ್ಕೊಂಡು ಕೂರೋಳಲ್ಲ ಅವಳು, ಮನೇಲೇ ಉಳಿದುಬಿಡ್ತಾಳೆ. ಅದಕ್ಕೆ ಆಮೇಲಿಂದು ನಾನು ನೋಡ್ಕೊಂಡೆ."

ಬೈದಿದ್ದರೆ ಚೆನ್ನಾಗಿತ್ತು. ಅವರ ಮುಖದಲ್ಲಿ ಆಪಾದನೆ ಕೂಡ ಇರಲಿಲ್ಲ. ಆ ಮೂರು ವರ್ಷದಲ್ಲಿ ನಾನು ಎರಡು ಸಲ ಮದ್ರಾಸಿಗೆ ಹೋಗಿ ಬಂದಿದ್ದೆ. ಒಂದು ಸಲ ಸ್ನೇಹಿತನ ಮದುವೆಗೆ, ಇನ್ನೊಂದು ಸಲ ಕ್ರಿಕೆಟ್ಟು ನೋಡಲು. ಎರಡೂ ಸಲ ಸಂಜೆ ಸಮುದ್ರದ ದಂಡೆಯಲ್ಲಿ ಕೂತು ಕಡಲೆಕಾಯಿ ತಿಂದಿದ್ದೆ.

ಆ ಮನುಷ್ಯನ ಮೇಲೆ ನನಗೆ ಈಗಲೂ ಸಿಟ್ಟಿದೆ, ಸುಳ್ಳು ಯಾಕೆ ಹೇಳಲಿ. ಬಾಯಿ ಬಿಟ್ಟು ಒಂದು ಮಾತು ಹೇಳಿದ್ದರೆ... ಡಾಕ್ಟರು ಹೀಗಂದರು, ಬೇಗ ಕರೆದುಕೊಂಡು ಹೋಗಪ್ಪ ಎಂದಿದ್ದರೆ ಸಾಕಿತ್ತು. ಕಡ್ಡಿ ಮುರಿಯುವುದಕ್ಕೆ ಮೂರು ವರ್ಷ ಇತ್ತು, ಒಂದು ಮಾತಿಗೆ ಇರಲಿಲ್ಲ. ಆದರೆ ಅವರ ಬೆನ್ನನ್ನು ಅಭಿನಯಿಸಿ ನಗಿಸಿದ ಗುಮಾಸ್ತನ ಮೇಲೆ ಇರುವಷ್ಟು ತಾತ್ಸಾರ ನನಗೆ ಅವರ ಮೇಲೆ ಯಾವತ್ತೂ ಇರಲಿಲ್ಲ. ಅದು ಗೊತ್ತಾಗಿದ್ದು ಮಾತ್ರ ತಡವಾಗಿ.

ಆಮೇಲೆ ಏಳೆಂಟು ವರ್ಷ ಅವರಿಬ್ಬರೂ ಆ ವ್ಯಾನಿನಲ್ಲಿ ತಿರುಗಿದರು. ಮಾಲೂರಿನ ನೆಂಟರ ಮನೆ, ವಕ್ಕಲೇರಿಯ ನೆಂಟರ ಮನೆ, ಯಾವ ಮದುವೆಗೆ ಕರೆದರೂ ಮನೆಯ ಮುಂದೆ ಮೂಡಲಿಗೆ ಮುಖ ಮಾಡಿ ನಿಲ್ಲುತ್ತಿತ್ತು. ಅಕ್ಕ ಅದರೊಳಗೆ ಅಡುಗೆ ಮಾಡಿ ಬಂದವರಿಗೆಲ್ಲ ಬಡಿಸುತ್ತಿದ್ದಳು. ಕೋಲಾರದ ನಮ್ಮ ಬೀದಿಗೆ ಬಂದರೆ ಅಕ್ಕಪಕ್ಕದವರು ಮೂಗು ಮುಚ್ಚಿಕೊಳ್ಳುತ್ತಿದ್ದರು. ನನಗೆ ಆಗಲೂ ನಾಚಿಕೆಯಾಗುತ್ತಿತ್ತು. ಮನುಷ್ಯ ಅಷ್ಟು ಬೇಗ ಬದಲಾಗುವುದಿಲ್ಲ.

ಮೊದಲು ಭಾವ ಹೋದರು. ಎರಡು ವರ್ಷಕ್ಕೆ ಅಕ್ಕ. ವ್ಯಾನು ಗುಜರಿಗೆ ಹೋಗುವ ದಿನ ನಾನು ಹೋಗಿ ಕಚ್ಚುಗಳಿದ್ದ ಆ ಹಲಗೆಯನ್ನು ಕಿತ್ತುಕೊಂಡು ಬಂದೆ. ಬಿಗಿಯಾಗಿ ಹೊಡೆದಿದ್ದರು, ಕೀಳಲು ಒಂದು ಗಂಟೆ ಹಿಡಿಯಿತು.

ಬಸ್ಸು ಹೊರಟಿತು, ಟೆಂಪೋ ಎಲ್ಲೋ ಹಿಂದೆ ಉಳಿಯಿತು. ಅಷ್ಟರಲ್ಲಾಗಲೇ ಹುಡುಗಿ ತಾನೇ ಕೈ ಚಾಚಿ ಕಿಟಕಿ ಎಳೆದುಕೊಂಡಿದ್ದಳು. ಮನೆಗೆ ಬಂದು ಅಡುಗೆಮನೆಯಲ್ಲಿ ದೀಪ ಹಾಕದೆ, ಅಲ್ಲಿ ಗೋಡೆಗೆ ಹೊಡೆದಿಟ್ಟಿರುವ ಆ ಹಲಗೆಯ ಅಂಚನ್ನು ಮುಟ್ಟಿ ನೋಡಿದೆ. ಒಂದು ಕಚ್ಚಿಗೆ ಉಪ್ಪು, ಅಕ್ಕನೇ ಹೇಳಿದ್ದಳು. ಎರಡಕ್ಕೆ ಸಕ್ಕರೆ, ಮೂರಕ್ಕೆ ಕಾಫಿಪುಡಿ. ಆಮೇಲೆ ನಾಲ್ಕು ಕಚ್ಚಿದೆ, ಐದು ಕಚ್ಚೂ ಇದೆ. ಅವು ಏತಕ್ಕೆ ಎಂದು ನಾನು ಕೇಳಲೇ ಇಲ್ಲ.