ಪಂಚನಾಮೆಗೆ ಇಬ್ಬರು ಬೇಕು

ಕಟಕೋಳದ ಹತ್ರ ಒಂದು ಹೊಲದಾಗ ಪಂಪ್‌ಸೆಟ್ಟಿನ ಮೋಟಾರ್ ಕಳುವಾಗಿತ್ತು. ಹವಾಲ್ದಾರ ನಾನು, ಪಂಚನಾಮೆ ಬರಿಯಾಕ ಹೋಗಿದ್ದೆ. ಅದಕ್ಕ ಊರವರು ಇಬ್ಬರು ಸಾಕ್ಷಿಯಾಗಿ ಸಹಿ ಮಾಡಬೇಕು.

ಚಹಾದಂಗಡಿ ಮುಂದ ಏಳೆಂಟು ಮಂದಿ ಟಿವಿ ಧಾರಾವಾಹಿಯ ಇನ್‌ಸ್ಪೆಕ್ಟರನ ಬಗ್ಗೆ ಮಾತಾಡಾಕ ಹತ್ತಿದ್ರು. ಹಿಂದಿನ ದಿನ ಅಂವ ಬರೇ ಒಂದು ಅಂಗಿ ಗುಂಡಿ ಮ್ಯಾಲಿಂದ ಕೊಲೆಗಾರನ್ನ ಹಿಡಿದಿದ್ನಂತ. ಅಂಗಡಿ ಈರಪ್ಪ ನನ್ನ ಹೊಟ್ಟಿ ನೋಡಿ, "ಅಂವ ಓಡ್ತಾನ್ರಿ ಸಾಹೇಬ್ರ" ಅಂದ. ನಾ ಕಾಗದ ಮುಂದಿಟ್ಟು ಸಹಿ ಕೇಳಿದೆ. ಎಲ್ಲಾರೂ ತಮ್ಮ ತಮ್ಮ ಚಹಾದ ಕಪ್ಪಿನೊಳಗ ನೋಡಾಕ ಹತ್ತಿದ್ರು.

"ಯಾಕ್ರಿ, ಕೋರ್ಟಂದ್ರ ಅಂಜಿಕಿ ಏನು?" ಅಂದೆ.

"ಕೋರ್ಟಿಗೆ ಬರತೇವ್ರಿ," ಅಂದ ಈರಪ್ಪ. "ಆದ್ರ ಧಾರಾವಾಹ್ಯಾಗ ಸಾಕ್ಷಿ ಹೇಳಾಂವ ಪ್ರತಿ ಸಲ ಕೋರ್ಟ್ ಮುಟ್ಟೂದ್ರೊಳಗ ಸಾಯ್ತಾನ್ರಿ."

"ಇದು ಮೋಟಾರ್ ಕಳುವು."

"ಅಲ್ಲೂ ಮೊದಲ ಸಣ್ಣದ ಇರ್ತದ್ರಿ."

ಎಲ್ಲಾರೂ ಹೌದಂತ ಗೋಣು ಹಾಕಿದ್ರು.

ಕಡೀಕ ಸಹಿ ಮಾಡಿದವರು ಬಾಜೂ ಹೊಲದ ಮಾಬೂಬಸಾಬ್ರು, ಅವರ ಹೆಂಡ್ತಿ. ಏನೂ ಕೇಳಲಿಲ್ಲ, ಅಂಜಲೂ ಇಲ್ಲ. ಅವರು ಧಾರಾವಾಹಿ ನೋಡೂದಿಲ್ಲ. ಅವರ ಟಿವಿ ಹೋದ ವರ್ಷ ಕಳುವಾಗೇತಿ. ಅದರ ಪಂಚನಾಮೆ ಬರದಾಂವನೂ ನಾನ.