ಮರದ ಬಿಲ್ಲೆ

ಆ ಸಿನಿಮಾವನ್ನು ಪೆನ್‌ಡ್ರೈವ್‌ಗೆ ಹಾಕಿಕೊಟ್ಟವಳು ನನ್ನ ತಮ್ಮನ ಮಗಳು. "ಅತ್ತೆ, ಇದನ್ನ ನೀವು ನೋಡ್ಲೇಬೇಕು. ಇದ್ರಲ್ಲಿ ಒಬ್ಳಿದಾಳೆ, ಥೇಟ್ ನಿಮ್ ಥರಾನೇ. ಬಾಯ್ ಬಿಟ್ರೆ ಸ್ಕೂಲು, ಸ್ಕೂಲು!" ಎಂದು ನಕ್ಕಳು. ನಾನು ಅದನ್ನು ಕಾಂಪ್ಲಿಮೆಂಟ್ ಎಂದೇ ತೆಗೆದುಕೊಂಡೆ. ಅಂಥದ್ದನ್ನು ಒಬ್ಬಳೇ ಕೂತು ನೋಡುವುದೇ? ಮುಳಬಾಗಿಲಿನ ಗೆಳತಿಯ ಜೊತೆ ನೋಡಬೇಕು ಎಂದು ಆವತ್ತೇ ನಿಶ್ಚಯಿಸಿದೆ.

ಗೆಳತಿ ಎಂದರೆ ಕೋಲಾರದ ಕಾನ್ವೆಂಟಿನಲ್ಲಿ ನನ್ನ ಬೆಂಚ್‌ಮೇಟ್. ನಾನು ಮದುವೆಯಾಗಲಿಲ್ಲ. ಮಾಲೂರಿನ ಹೆಂಚಿನ ಕಾರ್ಖಾನೆಯ ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದೆ, ರಿಟೈರ್ ಆದ ಮೇಲೆ ಕೋಲಾರದಲ್ಲೇ ತಮ್ಮನ ಮನೆಯಲ್ಲಿದ್ದೇನೆ. ನಡುವೆ ಕಳೆದ ಆಯುಷ್ಯದಲ್ಲಿ ಹೇಳಿಕೊಳ್ಳುವಂಥದ್ದು ಏನೂ ನಡೆಯಲಿಲ್ಲ. ನಡೆದದ್ದೆಲ್ಲ ಆ ಕಾಂಪೌಂಡಿನೊಳಗೇ: ಪಿನಾಫೋರು, ಅಸೆಂಬ್ಲಿ, ಎಲೊಕ್ಯೂಷನ್‌ನಲ್ಲಿ ಗೆದ್ದ ಕಪ್ಪು, "ವಾಟ್ ಡಿಕ್ಷನ್, ಚೈಲ್ಡ್!" ಎಂದು ಸಿಸ್ಟರ್ ನನ್ನ ಕೆನ್ನೆ ಮುಟ್ಟಿದ ಮಧ್ಯಾಹ್ನ. ಆಗ ನಾನಾಗಿದ್ದ ಆ ಹುಡುಗಿಯನ್ನು ಕಣ್ಣಾರೆ ಕಂಡ ಕ್ಲಾಸ್‌ಮೇಟುಗಳು ಒಬ್ಬೊಬ್ಬರೇ ದೂರವಾದರು. ಶ್ರೀನಿವಾಸಪುರದವಳು ಫೋನ್ ಎತ್ತುವುದನ್ನು ನಿಲ್ಲಿಸಿದಳು. ಮಾವಿನ ಸೀಸನ್, ತೋಟದಲ್ಲಿ ಪುರುಸೊತ್ತಿಲ್ಲ ಎಂದುಕೊಂಡೆ. ಸೀಸನ್ ಮುಗಿದ ಮೇಲೂ ಎತ್ತಲಿಲ್ಲ. ಉಳಿದವಳು ಮುಳಬಾಗಿಲಿನವಳೊಬ್ಬಳೇ. ಅವಳೂ ಇಲ್ಲವೆಂದರೆ ಆ ಹುಡುಗಿ ಇದ್ದಳು ಎನ್ನುವುದಕ್ಕೆ ಸಾಕ್ಷಿ ಯಾರು?

ನಮ್ಮ ಸ್ಕೂಲಿನಲ್ಲಿ ಒಂದು ಮರದ ಬಿಲ್ಲೆಯಿತ್ತು, ದಾರ ಪೋಣಿಸಿದ್ದು. ಕನ್ನಡವೋ ತೆಲುಗೋ ಮಾತಾಡಿ ಸಿಕ್ಕಿಬಿದ್ದವಳ ಕತ್ತಿಗೆ ಅದು. ಇನ್ನೊಬ್ಬಳನ್ನು ಹಿಡಿದು "ಕಾಟ್ ಯೂ!" ಎಂದು ಅವಳ ಕತ್ತಿಗೆ ದಾಟಿಸುವವರೆಗೆ ಬಿಡುಗಡೆಯಿಲ್ಲ. ನನ್ನ ಕತ್ತಿಗೆ ಅದು ಬಿದ್ದದ್ದು ಅಪರೂಪ. ಮುಳಬಾಗಿಲಿನವಳ ಕತ್ತಿನಲ್ಲಿ ಸದಾ ಇರುತ್ತಿತ್ತು. ಮನೆಮಾತು ತೆಲುಗು; ಸಿಟ್ಟು ಬಂದರೂ ತೆಲುಗು, ನಗು ಬಂದರೂ ತೆಲುಗು. ಮನೆಗೆ ಫೋನು ಬಂದ ಮೇಲೆ ಆ ಆಟವನ್ನು ನಾನೇ ಮತ್ತೆ ಶುರುಮಾಡಿದೆ. ಸ್ಕೂಲು ಬಿಡುವ ಹೊತ್ತಿಗೆ ದಿನವೂ ಕಾಲ್ ಮಾಡುವುದು, ಇಂಗ್ಲಿಷಿನಲ್ಲೇ ಮಾತು. ತಪ್ಪಿದವಳ ಕತ್ತಿಗೆ, ಬಿಲ್ಲೆ ಇಲ್ಲದಿದ್ದರೂ, ಬಿಲ್ಲೆ. ಇಳಿವಯಸ್ಸಿನಲ್ಲಿ ನನಗಿದ್ದ ಸಂತೋಷ ಅದೊಂದೇ.

ಅವಳ ಮನೆ ಕುರುಡುಮಲೆಗೆ ಹೋಗುವ ರಸ್ತೆಯಲ್ಲಿ, ಟೊಮೇಟೊ ತೋಟದ ಅಂಚಿಗೆ. ನಾನು ಹೋದಾಗ ಮಗ ತೋಟದಲ್ಲಿದ್ದ. ಸೊಸೆ ನರಸಾಪುರದ ಕಂಪನಿಯಲ್ಲಿ ನೈಟ್ ಶಿಫ್ಟ್ ಮುಗಿಸಿ ಬಂದು ಒಳಗೆ ಮಲಗಿದ್ದಳು. "ಸೌಂಡ್ ಕಮ್ಮಿ ಇಡೇ, ಪಾಪ ಹುಡ್ಗಿ ಮಲ್ಗಿದಾಳೆ," ಎಂದಳು ಗೆಳತಿ. ನಾನು ಬೆರಳೆತ್ತಿ ಗದರಿಸಿದೆ. "ಓಕೆ, ಓಕೆ, ಷಿ ಈಸ್ ಸ್ಲೀಪಿಂಗ್," ಎಂದು ತಿದ್ದಿಕೊಂಡು, ಮೊರದ ತುಂಬ ಅವರೆಕಾಯಿ ಹಾಕಿಕೊಂಡು ಟಿವಿ ಮುಂದೆ ಸುಲಿಯುತ್ತ ಕೂತಳು.

ಯಾವುದೋ ಹೊರದೇಶದ ಸಿನಿಮಾ. ಸ್ಕೂಲಿನ ಬಾಸ್ಕೆಟ್‌ಬಾಲ್ ಟೀಮಿಗೆ ಒಮ್ಮೆ ಕ್ಯಾಪ್ಟನ್ ಆಗಿದ್ದ ಹೆಂಗಸು. ಕೂದಲು ನರೆಯುತ್ತಿದ್ದರೂ ಮೈಮೇಲೆ ಅದೇ ಹಳೆಯ ಜರ್ಸಿ. ಊರಿಗೆ ವಾಪಸು ಬಂದು ಹಳೆಯ ಟೀಮಿನವರ ಮನೆಮನೆಗೆ ನುಗ್ಗಿ, ಇನ್ನೊಂದೇ ಮ್ಯಾಚ್ ಆಡೋಣ ಎಂದು ಪೀಡಿಸುತ್ತಾಳೆ. ಒಬ್ಬಳಿಗೆ ಸಣ್ಣ ಮಕ್ಕಳು, ಒಬ್ಬಳಿಗೆ ಕಾಯಿಲೆ. ಇವಳಿಗೆ ಅದ್ಯಾವುದೂ ಕಾಣುವುದಿಲ್ಲ. ಯಾರಾದರೂ ತಮ್ಮ ಕಷ್ಟ ಹೇಳಲು ಬಾಯಿ ತೆರೆದರೆ, "ಡು ಯೂ ರಿಮೆಂಬರ್..." ಎಂದು ಶುರುಮಾಡುತ್ತಾಳೆ. ಕೊನೆಗೆ ಒಬ್ಬ ಗೆಳತಿಯ ತಾಯಿ ಸತ್ತ ಮನೆಗೂ ಬಾಲ್ ಹಿಡಿದುಕೊಂಡೇ ಹೋಗುತ್ತಾಳೆ. ಕಪ್ಪು ಬಟ್ಟೆ ತೊಟ್ಟು ನಿಂತವಳ ಕಡೆ ಅದನ್ನು ಎಸೆದು, "ಕ್ಯಾಚ್!" ಎನ್ನುತ್ತಾಳೆ.

"ವಾಟ್ ಎ ಹಾರಿಬಲ್ ವುಮನ್!" ಎಂದೆ ನಾನು.

ಪಕ್ಕದಲ್ಲಿ ಅವರೆಕಾಯಿ ಸುಲಿಯುವ ಸದ್ದು ನಿಂತಿತ್ತು.

"ಅವ್ಳಿಗೆ ಗೊತ್ತಾಗಲ್ಲ ಬಿಡು," ಎಂದಳು ಅವಳು, ಟಿವಿಯಿಂದ ಕಣ್ಣು ತೆಗೆಯದೆ. "ನಿಂಗೂ ಗೊತ್ತಾಗ್ಲಿಲ್ವಲ್ಲ."

"ಕನ್ನಡ! ಕಾಟ್ ಯೂ!"

ಮಾತು ಬಾಯಿಂದ ಜಾರಿಬಿಟ್ಟಿತ್ತು. ಅವಳು ನನ್ನತ್ತ ತಿರುಗಿದಳು. ಕೋಪವೇನೂ ಇರಲಿಲ್ಲ ಮುಖದಲ್ಲಿ. ಸುಸ್ತು ಮಾತ್ರ.

"ನಮ್ಮನೆಯವ್ರು ಹೋದ ದಿವ್ಸಾನೂ ಹಿಂಗೇ ಅಂದೆ ಕಣೇ ನೀನು."

"ಮೀ? ವೆನ್?"

"ಆಸ್ಪತ್ರೆಯಿಂದ ತಂದು ಇಲ್ಲೇ, ಈ ಹಾಲಲ್ಲೇ ಮಲಗ್ಸಿದ್ರು. ನಿನ್ ಟೈಮಿಗೆ ಸರ್ಯಾಗಿ ಫೋನ್ ಬಂತು. 'ಆಯನ ಪೋಯಿನಾಡೇ' ಅಂತ ಅಳ್ತಾ ಹೇಳ್ದೆ. ನೀನು ನಗ್ತಾ, 'ತೆಲುಗು! ಕಾಟ್ ಯೂ!' ಅಂದೆ. ಆಮೇಲೆ ನಾನು ಕಣ್ಣೊರೆಸ್ಕೊಂಡು, 'ಹಿ ಈಸ್ ನೋ ಮೋರ್' ಅಂದೆ." ಮೊರದಿಂದ ಒಂದು ಅವರೆಕಾಯಿ ಎತ್ತಿಕೊಂಡು ಕೇಳಿದಳು, "ಗ್ರಾಮರ್ ಸರಿಯಿತ್ತಲ್ಲ?"

ನನಗೆ ನೆನಪಿರಲಿಲ್ಲ. ದೇವರಾಣೆಗೂ ನೆನಪಿರಲಿಲ್ಲ. ಆವತ್ತು ಹಾರ ಹಿಡಿದು ಬಸ್ ಹತ್ತಿದ್ದು ನೆನಪಿತ್ತು, ಅತ್ತಿದ್ದು ನೆನಪಿತ್ತು. ಅವಳು ಅಂದ ಮಾತು ನನಗೆ ಅರ್ಥವಾಗಿರಲಿಲ್ಲವೇ? ಕೋಲಾರದಲ್ಲಿ ಹುಟ್ಟಿ ಬೆಳೆದವರಿಗೆ ಅಷ್ಟು ತೆಲುಗು ಬಾರದೇ? ಆದರೆ ನನ್ನ ಕಿವಿಗೆ ಮೊದಲು ಬಿದ್ದದ್ದು ಅದು ತೆಲುಗು ಎಂಬುದು. ಏನು ಹೇಳುತ್ತಿದ್ದಾಳೆ ಎಂಬುದು ಆಮೇಲೆ.

"ಆವತ್ತಿಂದ ಬಿಲ್ಲೆ ನನ್ ಕತ್ತಲ್ಲೇ ಇದೆ," ಎಂದಳು. "ನೀನು ಒಂದ್ಸಲಾನೂ ತಪ್ಪಲ್ವಲ್ಲೇ. ನಾನ್ ಹೆಂಗ್ ತೆಗೀಲಿ?"

ನಾನು ಸಾರಿ ಎಂದೆ. ಅದನ್ನೂ ಇಂಗ್ಲಿಷಿನಲ್ಲೇ ಅಂದೆ. ಸಿನಿಮಾ ತನ್ನಷ್ಟಕ್ಕೆ ಓಡುತ್ತಲೇ ಇತ್ತು. ಕೊನೆ ಏನಾಯಿತೋ ನಾವು ನೋಡಲಿಲ್ಲ. ಹೊರಡುವಾಗ ಅವಳು ಒಂದು ಕವರಿನ ತುಂಬ ಅವರೆಕಾಯಿ ಕೊಟ್ಟಳು. ಗೇಟಿನವರೆಗೂ ಬಂದಳು.

"ಇನ್ನು ದಿನಾ ಫೋನ್ ಮಾಡ್ಬೇಡ ಕಣೇ. ನನ್ ಕೈಲಾಗಲ್ಲ. ಯಾವಾಗಾದ್ರೂ ಮಾಡು. ಆದ್ರೆ ಸ್ಕೂಲಿನ ವಿಷ್ಯ ಬೇಡ. ಬೇರೆ ಏನಾದ್ರೂ ಮಾತಾಡೋಣ."

ಬೇರೆ ಏನು? ಬಸ್ಸಿನಲ್ಲಿ ಕೋಲಾರ ಬರುವವರೆಗೂ ಯೋಚಿಸಿದೆ. ಮನೆಗೆ ಬಂದಾಗ ತಮ್ಮನ ಮಗಳು, "ಹೆಂಗಿತ್ತು ಅತ್ತೆ ಪಿಕ್ಚರ್ರು?" ಎಂದಳು. "ಸೋ ಸೋ," ಎಂದು ಕೋಣೆಗೆ ಹೋದೆ.

ಕೆಲವು ದಿನ ತಡೆದುಕೊಂಡೆ. ಸ್ಕೂಲು ಬಿಡುವ ಹೊತ್ತು ಬಂದರೆ ಕೈ ತಾನೇ ಫೋನಿನ ಮೇಲೆ ಹೋಗುತ್ತಿತ್ತು. ಎದ್ದು ಬಟ್ಟೆ ಮಡಿಸುತ್ತಿದ್ದೆ. ಆಮೇಲೆ ಒಂದು ಉಪಾಯ ಹೊಳೆಯಿತು. ಬೇಕೆಂದೇ ತಪ್ಪಿ ಮಾತಾಡುತ್ತೇನೆ, ಅದೂ ಅವಳ ತೆಲುಗಿನಲ್ಲೇ. ಅವಳು ನನ್ನನ್ನು ಹಿಡಿಯಲಿ. ಬಿಲ್ಲೆ ನನ್ನ ಕತ್ತಿಗೆ ಬರಲಿ, ಸಾಯುವವರೆಗೂ ಇಲ್ಲೇ ಇರಲಿ. ಕನ್ನಡಿಯ ಮುಂದೆ ನಿಂತು ಪ್ರಾಕ್ಟೀಸ್ ಮಾಡಿದೆ, ಎಲೊಕ್ಯೂಷನ್‌ಗೆ ಮಾಡುತ್ತಿದ್ದ ಹಾಗೆ.

"ಏಮೇ, ಎಟ್ಲುಂಡಾವು?" ಎಂದೆ ಅವಳು ಫೋನ್ ಎತ್ತಿದ ಕೂಡಲೇ.

"ಹ್ಞೂಂ. ಚೆನ್ನಾಗಿದೀನಿ. ನೀನು?"

ಕಾದೆ.

"ಇಲ್ಲಿ ಚಳಿ ಜಾಸ್ತಿ," ಎಂದೆ.

"ಇಲ್ಲೂ ಅಷ್ಟೇ."

ಫೋನಿನಲ್ಲಿ ಅವರ ಮನೆಯ ಕೋಳಿ ಕೂಗಿದ್ದು ಕೇಳಿತು. ಅವಳ ಮಂಡಿನೋವು ಹೇಗಿದೆ, ಸೊಸೆಯ ಶಿಫ್ಟ್ ಬದಲಾಯಿತೇ, ಕೇಳಲು ಎಷ್ಟೊಂದು ಇತ್ತು ಎಂದು ಈಗ ಅನ್ನಿಸುತ್ತದೆ. ಆಗ ನನ್ನ ಬಾಯಿಂದ ಬಂದದ್ದು ಒಂದೇ.

"ಕಾಟ್ ಯೂ ಅನ್ನಲ್ವೇನೇ?"

ಅವಳು ಉಸಿರು ಬಿಟ್ಟದ್ದು ಕೇಳಿಸಿತು. "ಟೊಮೇಟೊ ಕೀಳೋರು ಬಂದಿದಾರೆ," ಎಂದಳು. "ಇಡ್ತೀನಿ."

ಆಮೇಲೆ ಅವಳು ನನ್ನ ಫೋನ್ ಎತ್ತಿಲ್ಲ. ಯಾಕೆ ಅತ್ತೆ, ಈಗ ನಿಮ್ಮ ಇಂಗ್ಲಿಷ್ ಕೇಳಿಸೋದೇ ಇಲ್ಲ ಎಂದು ತಮ್ಮನ ಮಗಳು ವಿಚಾರಿಸಿದಳು. ಟೊಮೇಟೊ ಸೀಸನ್, ಅವಳಿಗೆ ಪುರುಸೊತ್ತಿಲ್ಲ ಎಂದೆ. ನಮ್ಮ ಕಡೆ ಟೊಮೇಟೊಗೆ ಸೀಸನ್ ಎಂಬುದೇ ಇಲ್ಲ, ವರ್ಷವೆಲ್ಲ ಬೆಳೆಯುತ್ತಾರೆ. ಹುಡುಗಿಗೂ ಅದು ಗೊತ್ತು.